ರಿಂಗಿನೊಳಗೆ ಯಾರೋ ಬಡಿದರು

ಇದನ್ನು ಕಟ್ಟುಕಥೆ ಎಂದು ಯಾರಾದರೂ ಅಂದರೆ ನಾನು ವಾದಕ್ಕೆ ಹೋಗುವುದಿಲ್ಲ. ಕಟ್ಟಿದ್ದೇ ಆಗಿದ್ದರೆ ನನ್ನನ್ನು ಇಷ್ಟು ಸಣ್ಣ ಮನುಷ್ಯನಾಗಿ ತೋರಿಸಿಕೊಳ್ಳುತ್ತಿರಲಿಲ್ಲ.

ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ ನನಗೆ ರಾತ್ರಿ ಪಾಳಿ. ಅಲ್ಲಿ ಒಂದು ರೋಬೋಟ್ ಕೈ ಉಕ್ಕಿನ ತಂತಿ ಕರಗಿಸಿ, ಪದರದ ಮೇಲೆ ಪದರ ಇಡುತ್ತಾ, ಬಾವಿಯ ಗೋಡೆಯಂತೆ ದುಂಡಗಿನ, ಆಳೆತ್ತರದ ರಿಂಗು ಕಟ್ಟುತ್ತದೆ. ಕರಗಿದ ಉಕ್ಕಿಗೆ ಗಾಳಿ ತಾಗದಂತೆ ಸಿಲಿಂಡರಿನಿಂದ ಗ್ಯಾಸ್ ಬರುತ್ತಲೇ ಇರಬೇಕು. ಅದನ್ನು ಕಾಯುವುದು ನನ್ನ ಕೆಲಸ.

ಒಂದು ರಾತ್ರಿ ನಿದ್ದೆ ಹೋದೆ. ಎದ್ದಾಗ ಗ್ಯಾಸ್ ಮುಗಿದಿತ್ತು. ಮೇಲಿನ ಪದರಗಳೆಲ್ಲ ಹುಳ ತಿಂದ ಕಟ್ಟಿಗೆಯಂತೆ ತೂತು ತೂತು. ಇಡೀ ರಿಂಗು ಗುಜರಿಗೆ ಹೋಯಿತು.

"ಸಂಜೀಗೆ ಬಸಪ್ಪ ಕಾಕಾ ತುಂಬಿದ ಸಿಲಿಂಡರ್ ಜೋಡಿಸಿರಲಿಲ್ರಿ," ಎಂದು ಸಾಹೇಬರಿಗೆ ಸುಳ್ಳು ಹೇಳಿದೆ.

ಕಾಕಾ ನನ್ನ ಹಿಂದಿನ ಪಾಳಿಯವರು, ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನವರು. ಸದಾ ಸುಣ್ಣ-ತಂಬಾಕು ಜಗಿಯುತ್ತಾ, ನನ್ನ ಕೈ ಹಿಡಿದು ವೆಲ್ಡಿಂಗ್ ಕಲಿಸಿದವರು. ಅಂದೇ ಅವರನ್ನು ಕೆಲಸದಿಂದ ತೆಗೆದರು. ಗೇಟಿನ ಹತ್ತಿರ ನನ್ನನ್ನೊಮ್ಮೆ ನೋಡಿ, ಹೊರಗೆ ನಡೆದರು.

ಹೊಸ ರಿಂಗು ಶುರುವಾಯಿತು. ಅದು ಎದೆಮಟ್ಟಕ್ಕೆ ಏರಿದ ರಾತ್ರಿ, ರೋಬೋಟ್ ಇದ್ದಕ್ಕಿದ್ದಂತೆ ನಿಂತಿತು. ಪರದೆಯ ಮೇಲೆ ಯಾವ ದೋಷವೂ ಇಲ್ಲ. ಬೆಸುಗೆಯ ಬೆಳಕು ಆರಿ ಬಿಸಿ ಉಕ್ಕಿನ ವಾಸನೆ ಉಳಿಯಿತು. ಅದರ ಜೊತೆಗೇ ಇನ್ನೊಂದು... ಸುಣ್ಣ, ತಂಬಾಕು.

ಟಣ್...

ರಿಂಗಿನ ಒಳಗಿನಿಂದ. ಸಣ್ಣ ಸುತ್ತಿಗೆಯ ಸದ್ದು. ಬೆಸುಗೆ ಗಟ್ಟಿಯೋ ಪೊಳ್ಳೋ ಎಂದು ಕಾಕಾ ಹೀಗೇ ಬಡಿದು ಕಿವಿಗೊಡುತ್ತಿದ್ದರು. ಟಣ್... ಟಣ್... ಸದ್ದು ಸುತ್ತು ಹಾಕುತ್ತಾ ಬಂದು ನನ್ನೆದುರಿಗೆ ನಿಂತಿತು.

"ತಮ್ಮಾ... ಎಚ್ಚರ ಅದೀಯೇನಪಾ?"

ಓ ಎನ್ನಲಾಗಲಿಲ್ಲ. ಆ ಕಾವಿನೊಳಗೆ ಯಾರೂ ನಿಲ್ಲಲಾರರು... ಇಣುಕಿದೆ. ಯಾರೂ ಇರಲಿಲ್ಲ. ಆಗ ಕಂಡದ್ದು ಗ್ಯಾಸ್ ಮೀಟರಿನ ಮುಳ್ಳು. ಸೊನ್ನೆಯ ಅಂಚಿಗೆ ಬಂದಿತ್ತು. ಓಡಿ ಸಿಲಿಂಡರ್ ಬದಲಿಸಿದೆ. ನಾನು ಗುಂಡಿ ಒತ್ತುವ ಮೊದಲೇ ರೋಬೋಟ್ ಮುಂದುವರಿಯಿತು.

ಪಾಳಿ ಮುಗಿದದ್ದೇ ಬೈಕ್ ಹತ್ತಿದೆ. ಕಾಕಾ ತೀರಿಹೋಗಿರಬೇಕು ಎಂಬ ಭಯ ಅವರ ಊರು ಮುಟ್ಟುವವರೆಗೂ ಬಿಡಲಿಲ್ಲ. ಹೋದರೆ, ಅವರು ಕಂಬಳಿ ಹೊದ್ದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು.

"ರಾತ್ರಿ ಯಾಕ ಓ ಅನ್ನಲಿಲ್ಲ?" ಎಂದರು.

"ಎಲ್ಲಿ, ಕಾಕಾ?"

"ಇಲ್ಲೇ. ಬಾಗಿಲಾಗ ಕಣ್ಣು ಮುಚ್ಕೊಂಡು ನಿಂತಿದ್ದಿ. ಎಚ್ಚರ ಅದೀಯೇನು ಅಂತ ಕೇಳಿದೆ."

ಒಳಗಿಂದ ಅವರ ಹೆಂಡತಿ ಮೆಲ್ಲಗೆ ಹೇಳಿದರು, "ಜ್ವರ ಬಂದೈತಿ ಅವರಿಗೆ. ಬಾಗಿಲಾ ನಾನ ಹಾಕಿ ಮಲಗೀನಿ."

ನಾನು ಅವರ ಕಾಲ ಬಳಿ ಕುಳಿತೆ. "ನಿಮ್ದು ತಪ್ಪಿರಲಿಲ್ಲ ಕಾಕಾ. ನಾ ಮಲಗಿದ್ದೆ..."

"ಗೊತ್ತೈತಿ. ನನಗ್ಯಾಕ ಹೇಳ್ತಿ? ಸಾಹೇಬರಿಗೆ ಹೇಳು."

ಅಂದೇ ಹೇಳಿದೆ. ಸಾಹೇಬರು ಕಾಕಾರನ್ನು ವಾಪಸ್ ಕರೆದರು. "ಆ ಹುಡುಗನ್ನ ತೆಗೀತೀರಂದ್ರ ನಾ ಬರೂದಿಲ್ರಿ," ಎಂದು ಹೇಳಿಯೇ ಕಾಕಾ ಒಳಗೆ ಕಾಲಿಟ್ಟರಂತೆ.

ಅವರ ಬಾಗಿಲಲ್ಲಿ ನಿಂತದ್ದು ಯಾರು ಎಂದು ನಾವಿಬ್ಬರೂ ಮತ್ತೆ ಮಾತಾಡಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಕಾಕಾ ಊಟದ ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ನನ್ನತ್ತ ಸರಿಸುತ್ತಾರೆ. ಕೈಚಾಚಿ ತೆಗೆದುಕೊಳ್ಳುತ್ತೇನೆ. ಅವರ ಮುಖ ನೋಡಲು ಮಾತ್ರ ಇವತ್ತಿಗೂ ಆಗುತ್ತಿಲ್ಲ...