ಗಿಡ್ಡ ಕಾರಿನ ಬಾಗಿಲಲ್ಲಿ ಮುನಿಲಕ್ಷ್ಮಿಯ ಮಣೆ

ಬೆಳಗಿನ ಆರು ಗಂಟೆ. ಕೋಲಾರ ದಾಟಿ ಮುಳಬಾಗಿಲು ಕಡೆ ಹೊರಟರೆ ಸಿಗುವ ಕಲ್ಯಾಣ ಮಂಟಪದ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಾಗಿದೆ. ವಾಲಗದವರು ಕಾಫಿ ಕುಡಿಯುತ್ತಿದ್ದಾರೆ. ದೇವಸ್ಥಾನಕ್ಕೆ ಹೋಗಿದ್ದ ಮದುಮಗಳು ಬಾಡಿಗೆಗೆ ತರಿಸಿದ ಹಳದಿ ಸ್ಪೋರ್ಟ್ಸ್ ಕಾರಿನಲ್ಲಿ ಬಂದಿಳಿಯಬೇಕು. ಕಾರು ಎಷ್ಟು ಗಿಡ್ಡವೆಂದರೆ, ಅದರ ಸೀಟು ನೆಲದಿಂದ ಒಂದು ಮೊಳವೂ ಮೇಲಿಲ್ಲ. ಬಾಗಿಲು ತೆರೆದ ಕೂಡಲೇ ಎಲ್ಲರ ಫೋನುಗಳೂ ಮೇಲಕ್ಕೆ ಹೋಗುತ್ತವೆ. ನಲವತ್ತೊಂಬತ್ತರ ಮುನಿಲಕ್ಷ್ಮಿ ಮಾತ್ರ ಕಂಕುಳಲ್ಲಿದ್ದ ಮರದ ಮಣೆಯನ್ನು ಕೈಗೆ ತೆಗೆದುಕೊಂಡು, ಬಾಗಿಲ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ.

"ಮಂಡಿ ಎರಡೂ ಜೋಡ್ಸವ್ವ. ಈಗ ಕೂತಂಗೇ ತಿರುಗು. ಎರಡು ಕಾಲೂ ಒಟ್ಟಿಗೆ ಮಣೆ ಮೇಲೆ. ತಲೆ ಬಗ್ಸು, ಜಡೆ ಸಿಗಾಕ್ಕೊಳ್ಳುತ್ತೆ. ಹೂಂ, ನನ್ನ ಹೆಗಲು ಹಿಡ್ಕೊಂಡು ಏಳು."

ಹುಡುಗಿ ಏಳುತ್ತಾಳೆ. ಮೊಳಗಟ್ಟಲೆ ಮಲ್ಲಿಗೆ ಸುತ್ತಿದ ಜಡೆ, ಭಾರದ ರೇಷ್ಮೆ ಸೀರೆ, ಒಂದು ನೆರಿಗೆಯೂ ಕೆಡದೆ ಹೊರಗೆ ಬರುತ್ತವೆ. ಮಣೆಯಿಂದ ನೆಲಕ್ಕೆ ಮೊದಲು ಬರುವುದು ಬಲಗಾಲು. ಅಷ್ಟು ಹೊತ್ತಿಗೆ ಮುನಿಲಕ್ಷ್ಮಿ ಇನ್ನಷ್ಟು ಕುಗ್ಗಿರುತ್ತಾರೆ, ಯಾಕೆಂದರೆ ವಿಡಿಯೋದ ವೆಂಕಟ್ ಎಂದಿನ ಮಾತು ಹೇಳಿಯಾಗಿದೆ: "ಅಕ್ಕ, ಇನ್ನೂ ಬಗ್ಗು. ಫ್ರೇಮಿಗೆ ಬರ್ತಿದ್ದೀಯ."

ವೇಮಗಲ್‌ನ ಮುನಿಲಕ್ಷ್ಮಿ ಈ ಮಂಟಪಕ್ಕೆ ಸೇರಿದ್ದು ಕಸ ಗುಡಿಸುವುದಕ್ಕೆ. ಎರಡೂವರೆ ವರ್ಷದ ಹಿಂದೆ ಇಂಥ ಕಾರು ಮೊದಲ ಸಲ ಬಂದಾಗ ಅವರ ಕೈಯಲ್ಲಿ ಪೊರಕೆಯಿತ್ತು. ಕಾರಿನಲ್ಲಿ ಡ್ರೈವರ್ ಕೂರುವುದು ಬಲಕ್ಕೆ, ಮದುಮಗಳು ಎಡಕ್ಕೆ. ಹಾಗಾಗಿ ಇಳಿಯುವಾಗ ಮೊದಲು ನೆಲ ಮುಟ್ಟುವುದು ಎಡಗಾಲು. ಶುಭಕಾರ್ಯಕ್ಕೆ ಅದು ಒಪ್ಪುವ ಮಾತೇ? ಬಲಗಾಲಿಡಲಿ ಎಂದು ಹುಡುಗಿಯ ಅಜ್ಜಿ "ಕುಡಿಕಾಲು, ಕುಡಿಕಾಲು" ಎಂದು ತೆಲುಗಿನಲ್ಲಿ ಕೂಗಿದರು. ಎಡಗಾಲಿನ ಮೇಲಿಂದ ಬಲಗಾಲು ದಾಟಿಸಲು ಹೋದ ಹುಡುಗಿ ಸೀರೆ ತೊಡರಿಕೊಂಡು ರಂಗೋಲಿಯ ಮೇಲೆ ಮಂಡಿಯೂರಿ ಬಿದ್ದಳು. ಊಟದ ಪಂಕ್ತಿ ಮುಗಿಯುವವರೆಗೂ ಅಪಶಕುನದ್ದೇ ಮಾತು.

ಮುಂದಿನ ಸಲ ಅಂಥದೇ ಕಾರು ಬಂದಾಗ ಮುನಿಲಕ್ಷ್ಮಿ ಯಾರನ್ನೂ ಕೇಳಲಿಲ್ಲ, ಉಗ್ರಾಣದಿಂದ ಹಳೇ ಮಣೆಯೊಂದನ್ನು ತಂದು ಬಾಗಿಲ ಕೆಳಗೆ ಇಟ್ಟರು. "ಮಣೆ ಮೇಲೆ ಇಟ್ಟ ಕಾಲು ನೆಲಕ್ಕಿಟ್ಟಂಗಲ್ಲ. ಅಲ್ಲಿ ಎದ್ದು ನಿಂತ್ಕೊಂಡ ಮೇಲೆ ಯಾವ ಕಾಲು ಬೇಕೋ ಆ ಕಾಲು ಇಡ್ಬೋದು" ಎನ್ನುತ್ತಾರೆ. ಪುರೋಹಿತರೂ ತಲೆಯಾಡಿಸಿದರು.

ಆ ಮಣೆಯನ್ನು ಮಗುಚಿದರೆ ತಳದ ತುಂಬ ಸುಣ್ಣದ ಗೀಟುಗಳು. ಒಬ್ಬ ಮದುಮಗಳಿಗೆ ಒಂದು ಗೀಟು. ಇವತ್ತಿನದು ನೂರಹದಿಮೂರನೆಯದು. ಲಗ್ನದ ತಿಂಗಳಲ್ಲಿ ಮಾಲೂರು, ಶ್ರೀನಿವಾಸಪುರದ ಮಂಟಪಗಳಿಂದಲೂ ಕರೆ ಬರುತ್ತದೆ, ಮಣೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಾರೆ. ಇಷ್ಟರಲ್ಲಿ ಒಂದೂ ಎಡಗಾಲಿಲ್ಲ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ ಎಂಬುದನ್ನು ಮಾತ್ರ ಎರಡು ಸಲ ಕೇಳಿದ ಮೇಲೆ ಹೇಳುತ್ತಾರೆ.

ಕೇಳದೆಯೇ ಹೇಳುವುದು ಗಂಗರತ್ನಮ್ಮನ ವಿಷಯ. ಗಂಗರತ್ನಮ್ಮ ಮುನಿಲಕ್ಷ್ಮಿಯ ಬೀದಿಯವರೇ. ಮದುಮಗಳು ಇಳಿದು ನಿಂತ ಮೇಲೆ ಆರತಿ ಎತ್ತುವುದು ಅವರ ಕೆಲಸ. ಹಿಂದೆ ಇಬ್ಬರೂ ಜೋಡಿಯಾಗಿ ಆರತಿ ಹಾಡು ಹೇಳುತ್ತಿದ್ದವರು, ಮುನಿಲಕ್ಷ್ಮಿಯದೇ ಒಳ್ಳೆಯ ಕಂಠ. ಆರು ವರ್ಷದ ಹಿಂದೆ ಅವರ ಗಂಡ ಮುನಿಶಾಮಿ ತೀರಿಕೊಂಡರು, ಆರತಿ ತಟ್ಟೆ ಕೈತಪ್ಪಿತು. ಈಗ ಪ್ರತಿ ಮದುವೆಯ ಆಲ್ಬಮ್ಮಿನ ಮೊದಲ ಪುಟದಲ್ಲೂ ಗಂಗರತ್ನಮ್ಮ ದೀಪದ ಹಿಂದೆ ನಗುತ್ತಿರುತ್ತಾರೆ. ತಾಂಬೂಲ, ರವಿಕೆ ಕಣ ಎಲ್ಲ ಅವರ ಮಡಿಲಿಗೆ.

"ಹೊಟ್ಟೆಕಿಚ್ಚೇ. ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾರೆ ಮುನಿಲಕ್ಷ್ಮಿ. "ಗೆದ್ದಲು ಕಟ್ಟಿದ ಹುತ್ತದಾಗೆ ಹಾವು ಸೇರ್ಕೊಂಡಂಗೆ. ನಾನು ಎಬ್ಬಿಸಿ ನಿಲ್ಲಿಸ್ತೀನಿ, ಅವಳು ಬಂದು ಫೋಟೋದಾಗೆ ನಿಂತ್ಕೊತಾಳೆ. ಹೋದ ತಿಂಗಳವರೆಗೂ ನೂರು ಮದುವೆ ವಿಡಿಯೋದಾಗೆ ನನ್ನ ಒಂದು ಮುಖ ಇರ್ಲಿಲ್ಲ. ಯಾವುದರಲ್ಲೋ ಒಂದರಲ್ಲಿ ಮೊಣಕೈ ಇದೆಯಂತೆ."

ಹೋದ ತಿಂಗಳು ಗಂಗರತ್ನಮ್ಮನ ಮಗಳು ಆಶಾರಾಣಿಯದೇ ಮದುವೆ. ಕಾರು ಇಂಥದೇ, ಬಣ್ಣ ಕೆಂಪು. ಲಗ್ನಪತ್ರಿಕೆ ಹಿಡಿದು ಬಂದ ಗಂಗರತ್ನಮ್ಮ ಬಾಗಿಲಲ್ಲೇ ನಿಂತು, "ಮುನಿ, ಆಶಾನ ನೀನೇ ಇಳಿಸ್ಬೇಕು ಕಣೇ. ಬೇರೆಯವರ ಕೈಗೆ ಬಿಡಲ್ಲ" ಎಂದರಂತೆ. "ನೋಡೋಣ" ಎಂದಷ್ಟೇ ಹೇಳಿ ಮುನಿಲಕ್ಷ್ಮಿ ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಆದರೂ ಆ ಬೆಳಿಗ್ಗೆ ಮಣೆಯ ಸಮೇತ ಹೋದರು. ಕಾರಿನ ಬಾಗಿಲು ತೆರೆಯಿತು. ಅವರು ಕೂತರು. ಮಣೆ ಕೈಯಲ್ಲೇ ಉಳಿಯಿತು.

"ಒಂದು ಗೇಣು ಹಿಂದಕ್ಕೆ ಇಟ್ಟಿದ್ರೆ ಸಾಕಿತ್ತು, ಎಡಗಾಲು ನೆಲಕ್ಕೆ ಬೀಳ್ತಿತ್ತು. ಗಂಗರತ್ನನ ಮಗಳು ಎಡಗಾಲಿಟ್ಟು ಬಂದ್ಳು ಅಂತ ವರ್ಷಗಟ್ಟಲೆ ಬೀದಿಯಾಗೆ ಮಾತಾಡೋರು. ಆ ಯೋಚನೆ ಬರಲಿಲ್ಲ ಅಂದ್ರೆ ದೇವರು ಮೆಚ್ಚಲ್ಲ" ಎನ್ನುತ್ತಾರೆ. "ಅಷ್ಟರಾಗೆ ಹುಡುಗಿ, 'ಮುನಿಯತ್ತೆ, ಕೈ ಬಿಡಬೇಡ' ಅಂದ್ಳು. ಅವರಮ್ಮನ ಮೇಲಿನ ಸಿಟ್ಟಿಗೆ ಆ ಕೂಸು ಏನು ಮಾಡುತ್ತೆ?"

ಮಣೆ ಅದರ ಜಾಗಕ್ಕೆ ಬಂತು. ಆಶಾರಾಣಿ ಎರಡೂ ಕಾಲಿಟ್ಟು, ಮುನಿಯತ್ತೆಯ ಹೆಗಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. "ಅಕ್ಕ, ಬಗ್ಗು" ಎಂದ ವೆಂಕಟ್. ಬಗ್ಗುವುದೆಲ್ಲಿ, ಹುಡುಗಿ ಬಿಟ್ಟರೆ ತಾನೆ? ಅವಳ ಜೊತೆಗೇ ಮುನಿಲಕ್ಷ್ಮಿಯೂ ಎದ್ದರು. ಬಲಗಾಲು ನೆಲಕ್ಕೆ ಬಂತು. ಹೆತ್ತ ತಾಯಿಯೆಂದು ಅವತ್ತು ಆರತಿಯನ್ನು ಬೇರೆಯವರಿಗೆ ಒಪ್ಪಿಸಿದ್ದ ಗಂಗರತ್ನಮ್ಮ, ಕಣ್ಣೊರೆಸಿಕೊಳ್ಳಲು ಅದೇ ಗಳಿಗೆಯಲ್ಲಿ ಆಚೆ ತಿರುಗಿದ್ದರು.

ವಾರ ಕಳೆದು ವಿಡಿಯೋ ಬಂತು. ಗಂಗರತ್ನಮ್ಮ ಫೋನು ಹಿಡಿದು ಬಂದು ಮುನಿಲಕ್ಷ್ಮಿಯ ಜಗಲಿಯ ಮೇಲೆ ಕೂತರು. ಕಾರಿನಿಂದ ಇಳಿಯುವ ಭಾಗ ಬಂದಾಗ ಅವರ ಮುಖ ಸಪ್ಪಗಾಯಿತು.

"ನೋಡೇ, ಸ್ವಂತ ಮಗಳ ಮದುವೆಯಾಗೆ ನನ್ನ ಬೆನ್ನು ಬಂದಿದೆ. ನೀನು ನೋಡಿದ್ರೆ ಮುಖ ತುಂಬ ಬಂದಿದ್ದೀಯ."

ಮುನಿಲಕ್ಷ್ಮಿ ಸೆರಗು ಸರಿಮಾಡಿಕೊಂಡು ಹತ್ತಿರಕ್ಕೆ ಸರಿದರು.

"ಹೌದಾ? ನನಗೆ ಸರಿಯಾಗಿ ಕಾಣ್ಲಿಲ್ಲ. ಇನ್ನೊಂದ್ಸಲ ಹಾಕು."