ಬದುಕಿರುವವರ ಫೋಟೊಗೆ ಗಂಧದ ಹಾರ

ಭಜನಾ ಮಂಡಳಿಯ ಅಕ್ಕತಂಗಿಯರೇ, ಇವತ್ತು ಏಕಾದಶಿ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಪೂಜೆ ಮುಗಿಸಿ, ಉಪವಾಸದಲ್ಲೇ ಯಜಮಾನರ ಜೊತೆ ಜಯನಗರಕ್ಕೆ ಹೋಗಿದ್ದೆ. ತೀರಿಕೊಂಡ ಪ್ರಧಾನಿಯೊಬ್ಬರ ಹೆಸರಿನಲ್ಲಿ ಅಲ್ಲೊಂದು ಮ್ಯೂಸಿಯಂ ಆಗಿದೆಯಲ್ಲ, ಅದನ್ನು ನೋಡಲು. ಅವರು ಹಿಂದೊಮ್ಮೆ ಯಡಿಯೂರು ಕೆರೆಯ ಬಳಿ ಸಸಿ ನೆಟ್ಟಾಗ ಪಕ್ಕದಲ್ಲಿ ಬಿಂದಿಗೆ ಹಿಡಿದು ನಿಂತಿದ್ದವರು ನಮ್ಮ ಯಜಮಾನರೇ. ಆ ಫೋಟೊ ಅಲ್ಲಿದೆ ಎಂದು ಯಾರೋ ಹೇಳಿದ್ದರು.

ಇದೆ, ನಿಜ. ಆದರೆ ಇಡೀ ಫೋಟೊಗೆ ಗಂಧದ ಹಾರ ಹಾಕಿದ್ದಾರೆ, ತೀರಿಹೋದವರಿಗೆ ಹಾಕುವಂಥದ್ದು! ಬಾಗಿಲಲ್ಲಿದ್ದ ಕಾವಲುಗಾರನನ್ನು ಕೂಗಿ ಕರೆದೆ.

“ಅಣ್ಣಾ, ಮೊದ್ಲು ಆ ಹಾರ ತೆಗೀರಿ” ಎಂದೆ ಕಾವಲುಗಾರನಿಗೆ.

“ದೊಡ್ಡವ್ರಿಗೆ ಹಾಕಿರೋದಮ್ಮ. ತೆಗೆದ್ರೆ ಸಾಹೇಬ್ರು ನನ್ನ ಕೆಲಸಾನೇ ತೆಗೀತಾರೆ.”

“ಪಕ್ಕದಲ್ಲಿರೋರು ನಮ್ಮೆಜಮಾನ್ರು ಕಣಪ್ಪ. ಇಗೋ, ಗುಂಡುಕಲ್ಲಿನ ಹಾಗೆ ನಿಂತವ್ರೆ!”

ಅವನು ಫೋಟೊ ನೋಡಿದ, ಇವರನ್ನು ನೋಡಿದ, ಗಾಬರಿಯಿಂದ ಕೈಮುಗಿದ. ಪಾಪ, ಸ್ಟೂಲು ಹತ್ತಿ ಹಾರವನ್ನು ಪ್ರಧಾನಿಗಳ ಕಡೆಗಷ್ಟೇ ಬರುವಂತೆ ಸರಿಸಿ ಸಿಕ್ಕಿಸಿದ.

ನಮ್ಮವರು ಮಾತ್ರ ನಗುತ್ತಾ, “ಇರ್ಲಿ ಬಿಡೇ, ಬದುಕಿದ್ದಾಗ ನಂಗ್ಯಾರು ಹಾರ ಹಾಕ್ತಾರೆ?” ಎಂದರು.

ಹಾರ ಸರಿಸಿದ್ದಕ್ಕೆ ಆ ಬಡಪಾಯಿಯನ್ನು ಬೈಯಬಾರದು, ಹೇಳಿ ಮಾಡಿಸಿದವಳು ನಾನು ಎಂದು ಸಾಹೇಬರಿಗೆ ಚೀಟಿ ಬರೆದಿಟ್ಟು ಬಂದಿದ್ದೇನೆ. ನಾಳೆ ಆ ಕಡೆ ಹೋಗುವವರು ಯಾರಾದರೂ ಉತ್ತರ ಇಸಿದುಕೊಂಡು ಬನ್ನಿ. ನಮ್ಮ ಯಜಮಾನರನ್ನು ಕಳಿಸುವ ಹಾಗಿಲ್ಲ, ಹಾರವನ್ನು ತಮ್ಮ ಕಡೆಗೇ ಎಳೆದುಕೊಂಡು ಬಂದಾರು.