ಸೂಜಿ, ಶೂಜಿ

ನಮ್ಮತ್ತೆ ಬಟ್ಟೆ ಹೊಲಿದೇ ಮನೆ ನಡೆಸಿದವರು. ದಾರ ಕಡಿದೂ ಕಡಿದೂ ಮುಂದಿನ ಹಲ್ಲು ಸವೆಸಿಕೊಂಡರು. ಉಳಿದವನ್ನು ವಯಸ್ಸು ಕಿತ್ತುಕೊಂಡಿತು. ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ಟು ಅಡುಗೆಮನೆಯ ಕಪಾಟಿನಲ್ಲಿ, ಲೋಟದ ನೀರು ಕುಡಿಯುತ್ತ ಕೂತಿತ್ತು. "ಬೇರೆಯೋರ ಚಪ್ಪಲಿ ಬಾಯಲ್ಲಿಟ್ಕೊಂಡ ಹಾಗಾಗುತ್ತೆ" ಅನ್ನುತ್ತಿದ್ದರು.

ಇಂಥ ಮನೆಗೆ ಓದಲು ಬಂದಳು ಪರದೇಶದ ಹುಡುಗಿ. ಕಾಲೇಜಿನವರೇ ಕಳಿಸಿದ್ದು, ವರ್ಷವಿಡೀ ನಮ್ಮ ಜೊತೆಗಿದ್ದು ನಮ್ಮ ಭಾಷೆ ಕಲಿಯಬೇಕು. ಮೊದಮೊದಲು ಬಾಯೇ ಬಿಡಲಿಲ್ಲ. ಬಡಿಸಿದರೆ ಉಂಡಳು, ಕರೆದರೆ ಬಂದಳು, ಬಾಗಿಲು ಹಾಕಿಕೊಂಡು ಅತ್ತಳು. ಮೌನಗೌರಿ ಎಂದು ಹೆಸರಿಟ್ಟೆವು. ನನ್ನ ಗಂಡ ಬಸ್ ಓಡಿಸುವವರು, ಮನೆಗೆ ಬಂದರೆ ನಿದ್ದೆ. ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಬಂದು ಒಲೆ ಮುಂದೆ ನಿಲ್ಲುವವಳು. ಅವಳೊಡನೆ ಮಾತಾಡಲು ಯಾರಿಗೆ ಪುರುಸೊತ್ತು?

ಅತ್ತೆಗೆ. ಒಂದು ದಿನ ಅವಳ ಕೈ ಹಿಡಿದು ಹೊಲಿಗೆ ಮಿಶನ್ ಪಕ್ಕ ಕೂರಿಸಿಕೊಂಡರು. "ಇದು ಶೂಜಿ. ಹೇಳು ಮಗಾ, ಶೂಜಿ."

"ಶೂಜಿ" ಎಂದಳು ಹುಡುಗಿ. ಆಮೇಲೆ ಬಿಶಿನೀರು, ಶೊಪ್ಪು, ಶೊಶೆ. ಅವಳ ಬಾಯಲ್ಲಿ ನನ್ನ ಹೆಸರೇ ಶೊಶೆ ಆಯಿತು! ತಿಂಗಳೊಪ್ಪತ್ತಿನಲ್ಲಿ ಪಟಪಟ ಮಾತಾಡತೊಡಗಿದಳು. "ಹಲ್ಲಿದ್ದಾಗ ಕೇಳೋರಿಲ್ಲ, ಕೇಳೋರು ಬಂದಾಗ ಹಲ್ಲಿಲ್ಲ" ಎಂದು ಅತ್ತೆ ಬೊಚ್ಚುಬಾಯಿ ತುಂಬ ನಕ್ಕರು.

ಆ ನಗುವಿಗೆ ಕಲ್ಲು ಹಾಕಿದವರು ಭಾಷೆಯ ಮೇಡಮ್. ತರಗತಿಯಲ್ಲಿ ಹುಡುಗಿ ಎದ್ದು "ನಾನು ಶುಖವಾಗಿದ್ದೇನೆ" ಅಂದಳಂತೆ. ಎಲ್ಲರೂ ನಕ್ಕರಂತೆ. ಮೇಡಮ್ಮೂ ನಕ್ಕರಂತೆ! ನಕ್ಕಿದ್ದು ಸಾಲದೆಂದು ಅತ್ತೆಯನ್ನೂ ನನ್ನನ್ನೂ ಕಾಲೇಜಿಗೆ ಕರೆಸಿದರು.

"ನಿಮ್ಮ ಮನೇಲಿ ಉಚ್ಚಾರಣೆ ಕೆಡ್ತಿದೆ. ಅವಳನ್ನ ಬೇರೆ ಮನೆಗೆ ಕಳಿಸ್ತೀವಿ."

ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿ ಬಾಗಿಲು ಹಾಕಿಕೊಂಡು ಅಳುವಾಗ ಈ ಶುದ್ಧ ಉಚ್ಚಾರಣೆ ಎಲ್ಲಿ ಹೋಗಿತ್ತು? "ಮೇಡಮ್, ಬಂದಾಗ ಅವಳಿಗೆ ಹಸಿವು ಅನ್ನೋಕೂ ಬರ್ತಿರಲಿಲ್ಲ. ಆಗ ನೀವು ನಗಲಿಲ್ಲ, ಯಾಕಂದ್ರೆ ನಗೋಕೆ ಅವಳ ಬಾಯಲ್ಲಿ ಒಂದು ಮಾತೂ ಇರಲಿಲ್ಲ!" ಅಂದೇಬಿಟ್ಟೆ.

ಅತ್ತೆ ನನ್ನ ಕೈ ಒತ್ತಿ ಸುಮ್ಮನಿರಿಸಿದರು. ಅಂದು ಹಲ್ಲಿನ ಸೆಟ್ಟು ಹಾಕಿಕೊಂಡು ಬಂದಿದ್ದರು. ಒಸಡು ನೋಯುತ್ತಿರುವುದು ಮುಖ ನೋಡಿದರೇ ತಿಳಿಯುತ್ತಿತ್ತು.

"ಇನ್ಮೇಲೆ ದಿನಾ ಹಾಕ್ಕೋತೀನಿ ಮೇಡಮ್. ಸೂಜಿ. ಸೊಪ್ಪು. ಸೊಸೆ. ಸರಿಯಾಗಿದೆ ಅಲ್ವಾ? ಮಗೂನ ಕಳಿಸ್ಬೇಡಿ."

ಮಿಶನ್ ತುಳಿದು ಮಕ್ಕಳನ್ನು ಸಾಕಿದ, ಯಾರೆದುರೂ ಕೈಚಾಚದ ಹೆಂಗಸು ಹೀಗೆ ಬೇಡಬೇಕಾಯಿತಲ್ಲ!

ಅತ್ತೆಯ ಪಕ್ಕ ಕೂತಿದ್ದ ಹುಡುಗಿ ಎದ್ದು ನಿಂತಳು. "ಸೂಜಿ" ಎಂದಳು ಮೇಡಮ್‌ಗೆ, ಸೂಜಿಯಷ್ಟೇ ಚೂಪಾಗಿ. "ನನಗೆ ಬರುತ್ತೆ ಮೇಡಮ್. ಇಲ್ಲಿ ಸೂಜಿ ಅಂತೀನಿ. ಮನೇಲಿ ಶೂಜಿ ಅಂತೀನಿ. ಮನೆ ಬಿಡಲ್ಲ."

ಮೇಡಮ್ ತಮ್ಮ ಬಾಯಲ್ಲಿದ್ದ ಅಷ್ಟೂ ಹಲ್ಲನ್ನು ಕಟಕಟ ಕಡಿದರು. ಕಡೆಗೆ "ಸರಿ, ಅಲ್ಲೇ ಇರಲಿ" ಎಂದು ಗೊಣಗಿದರು.

ಕಾಲೇಜಿನ ಗೇಟು ದಾಟುತ್ತಲೇ ಹುಡುಗಿ ಅತ್ತೆಯ ಬಾಯಿಯೆದುರು ಅಂಗೈ ಒಡ್ಡಿದಳು.

"ತೆಗೀರಿ ಅಜ್ಜಿ, ಶಾಕು."